ಸಾಹೇಬರ ಕುರ್ಚಿಯಲ್ಲಿ ಕೂರಿಸುತ್ತಿದ್ದ ಸುಬೇದಾರರು

ಅವರ ಎಡಗಿವಿ ಬಲಗಿವಿಗಿಂತ ಮುಂದಕ್ಕೆ ಬಾಗಿತ್ತು. ಬಲಗಿವಿ ಫಿರಂಗಿ ದಳದಲ್ಲಿದ್ದಾಗಲೇ ಕೇಳಿಸದಂತಾಗಿತ್ತು. ಆಮೇಲೆ ಎಲ್ಲರ ಮಾತಿಗೂ ಎಡಗಿವಿಯನ್ನೇ ಒಡ್ಡಿ, ಹಿಂದಿನಿಂದ ಅಂಗೈಯಲ್ಲಿ ಒತ್ತಿ ಒತ್ತಿ ಹಿಡಿದು, ಅದು ಬಿಸಿಲಿನ ಕಡೆ ಬಾಗಿದ ಗಿಡದ ಹಾಗೆ ಆಗಿಬಿಟ್ಟಿತ್ತು. "ನೀವು ಕಚೇರಿ ಗುಮಾಸ್ತರಾಗಿದ್ದಿರಿ, ಗುಂಡು ಹಾರಿಸಿದವರಲ್ಲ, ಕಿವಿ ಹೇಗೆ ಹೋಯಿತು?" ಎಂದು ನಾನೊಮ್ಮೆ ಕೆಣಕಿದ್ದೆ. "ಫೈಲ್ ಹಿಡ್ಕೊಂಡೋನು ಅಂತ ಫಿರಂಗಿ ರಿಯಾಯಿತಿ ಕೊಡಲ್ಲ ಕಣಮ್ಮ" ಎಂದಿದ್ದರು. ಬೇಡವಾದ ಮಾತು ಬಂದರೆ ಮಾತ್ರ ಮೆಲ್ಲಗೆ ಬಲಗಿವಿ ನಮ್ಮ ಕಡೆ ತಿರುಗುತ್ತಿತ್ತು. ನನ್ನ ಸ್ಕೂಟರನ್ನು ಗೇಟಿಗೆ ಅಡ್ಡ ನಿಲ್ಲಿಸಿದ್ದಕ್ಕೆ ನಾನು ಕೊಡುತ್ತಿದ್ದ ಸಮಜಾಯಿಷಿಗಳೆಲ್ಲ ಆ ಬಲಗಿವಿಯ ಪಾಲು.

ಅವರು ಗುಬ್ಬಿ ಕಡೆಯವರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ ತುಮಕೂರಿನಲ್ಲಿ ಮನೆ ಕಟ್ಟಿಕೊಂಡಿದ್ದರು. ಆ ಮನೆಯ ಮುಂದಿನ ಕೋಣೆಯೇ ನನ್ನ ವಕೀಲಿ ಕಚೇರಿ. ನನ್ನ ಬೋರ್ಡು ಅವರ ಗೋಡೆಯ ಮೇಲೆ ಹತ್ತಿದ ದಿನದಿಂದ ನಾನು ಅವರಿಗೆ 'ಲಾಯರಮ್ಮ'. ಅವರ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರುವುದು ಕಡಿಮೆ. ಆದರೆ ಜಗಲಿಯಲ್ಲಿ ನಡೆಯುವ ಪ್ರತಿ ಮಾತಿಗೂ ಒಳಗಿನಿಂದಲೇ ತೀರ್ಪು ಕೊಡುತ್ತಿದ್ದರು. ನನ್ನ ವೃತ್ತಿಯಲ್ಲಿ ನಾನು ಕಂಡ ನ್ಯಾಯಾಧೀಶರಲ್ಲಿ ಇವರಷ್ಟು ಬೇಗ ತೀರ್ಪು ಕೊಟ್ಟವರಿಲ್ಲ.

ಆ ಜಗಲಿಗೆ ಬರುತ್ತಿದ್ದವರು ಒಂದೇ ಬಗೆಯ ಜನ. ಕುಣಿಗಲ್, ಗುಬ್ಬಿ, ಹೆಬ್ಬೂರು ಕಡೆಯ ಹಳ್ಳಿಗಳಿಂದ ಸೈನ್ಯಕ್ಕೆ ಹೋಗಿ, ನಡತೆ ಸರಿಯಿಲ್ಲವೆಂದು ನಡುವಿನಲ್ಲೇ ಮನೆಗೆ ಕಳಿಸಲ್ಪಟ್ಟವರು. ಹೊಡೆದಾಡಿದವರು, ಕುಡಿದು ಸಿಕ್ಕಿಬಿದ್ದವರು, ರಜೆ ಮುಗಿದರೂ ಊರಲ್ಲೇ ಉಳಿದವರು. ತಮ್ಮ ಮೇಲಿನ ಆ ಕಳಂಕವನ್ನು ಮತ್ತೊಮ್ಮೆ ಪರಿಶೀಲಿಸಿ ತೆಗೆದುಹಾಕಿ ಎಂದು ಅವರು ದಿಲ್ಲಿಗೆ ಬರೆಯುವ ಅರ್ಜಿಯನ್ನು ಮೊದಲು ಸುಬೇದಾರರು ನೋಡಬೇಕು, ಆಮೇಲೆ ನಾನು ಕಾನೂನಿನ ಭಾಷೆಗೆ ತಿರುಗಿಸಿ ಕಳಿಸಬೇಕು. ಇದು ನಮ್ಮಿಬ್ಬರ ಒಪ್ಪಂದ. ಯಾಕೆ ಈ ಉಸಾಬರಿ ಎಂದು ಕೇಳಿದರೆ, "ಇಂಥ ಆರ್ಡರ್‌ಗಳನ್ನ ನನ್ ಕೈಯಾರೆ ಟೈಪ್ ಮಾಡಿದೀನಿ. ಕಾಗುಣಿತ ಸರಿ ಇದೆಯಾ ಅಂತ ನೋಡ್ದೆ. ಏನಾಯ್ತಪ್ಪಾ ಅಂತ ಒಬ್ಬನ್ನೂ ಕೇಳಲಿಲ್ಲ" ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ತಮಾಷೆ ಇರುತ್ತಿರಲಿಲ್ಲ.

ಅವರ ವಿಚಾರಣೆಯ ಕ್ರಮ ಮಾತ್ರ ವಿಚಿತ್ರ. ಬಂದವನನ್ನು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. "ಈಗ ನೀನು ನಿನ್ನ ಸಾಹೇಬ. ನಾನು ನೀನು" ಎನ್ನುತ್ತಿದ್ದರು. ಆಮೇಲೆ ಚಪ್ಪಲಿ ಬಿಟ್ಟು, ಪಂಚೆ ಸರಿಮಾಡಿಕೊಂಡು, ಎಪ್ಪತ್ತು ದಾಟಿದ ಆ ಮನುಷ್ಯ ಹಿಮ್ಮಡಿ ಜೋಡಿಸಿ ಸೆಟೆದು ನಿಂತು, "ಶ್ರೀಮಾನ್!" ಎಂದು ಕೂಗಿ ಆರೋಪಿಯಾಗಿಬಿಡುತ್ತಿದ್ದರು. ಸೈನ್ಯದಲ್ಲಿ ಮೇಲಧಿಕಾರಿಯನ್ನು ಹಾಗೆ ಕರೆಯುತ್ತಾರಂತೆ. ಕುರ್ಚಿಯಲ್ಲಿ ಕೂತವನು ಅವರನ್ನು ಪ್ರಶ್ನೆ ಕೇಳಬೇಕು, ಶಿಕ್ಷೆ ಕೊಡಬೇಕೋ ಬಿಡಬೇಕೋ ತೀರ್ಮಾನಿಸಬೇಕು. ಮೊದಮೊದಲು ಎಲ್ಲರೂ ನಾಚುತ್ತಿದ್ದರು. ಎರಡು ನಿಮಿಷವಾದ ಮೇಲೆ ನೋಡಬೇಕು! ಕುಣಿಗಲ್ಲಿನವನೊಬ್ಬ ಸಾಹೇಬನಾಗಿ ಹಿಂದಿಯಲ್ಲಿ ಬೈಯಲು ಶುರುಮಾಡಿ ಎದುರು ಮನೆಯವರು ಗೇಟಿಗೆ ಓಡಿಬರುವಂತೆ ಮಾಡಿದ್ದ. ಕೊನೆಗೆ ತನಗೆ ತಾನೇ ಜೈಲು ಶಿಕ್ಷೆ ಕೊಟ್ಟುಕೊಂಡು, ಪೆಚ್ಚಾಗಿ, ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ. "ನ್ಯಾಯವಂತ ಕಣೋ ನೀನು" ಎಂದು ಸುಬೇದಾರರು ಅವನಿಗೆ ಕಾಫಿ ಕುಡಿಸಿ ಕಳಿಸಿದ್ದರು.

ನಾನು ಹೇಳಬೇಕೆಂದಿರುವುದು ಅಮೃತೂರು ಕಡೆಯ ಡ್ರೈವರ್‌ನ ವಿಷಯ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು, ಈಗ ಹಾಲಿನ ವ್ಯಾನು ಓಡಿಸುತ್ತಿದ್ದ. ನಲವತ್ತೈದರ ಆಸುಪಾಸು, ಎತ್ತರದ ಆಳು, ಮಾತು ಮಾತ್ರ ಗಿಡ್ಡ. ರಜೆ ಮುಗಿದರೂ ವಾಪಸ್ಸು ಹೋಗದೆ ಮೇಲಿಂದ ಮೇಲೆ ಶಿಕ್ಷೆಗೊಳಗಾಗಿ, ಕೊನೆಗೆ ಸೈನ್ಯಕ್ಕೆ ಬೇಡದವನು ಎಂದು ಬರೆಸಿಕೊಂಡು ಮನೆ ಸೇರಿದ್ದ. ಅದಾಗಿ ಹದಿನೈದು ವರ್ಷದ ಮೇಲಾಗಿತ್ತು. ಇಷ್ಟು ದಿನ ಸುಮ್ಮನಿದ್ದು ಈಗೇಕೆ ಎಂದು ಕೇಳಿದೆ.

"ಮಗಳು ಪಿಯುಸಿ ಓದ್ತಾವ್ಳೆ ಮೇಡಂ. ಎನ್‌ಸಿಸಿ ಸೇರವ್ಳೆ. ಪಕ್ಕದೂರೋನು ಒಬ್ಬ, ನಮ್ ರೆಜಿಮೆಂಟ್‌ನಲ್ಲೇ ಇದ್ದೋನು, ಬಸ್‌ಸ್ಟ್ಯಾಂಡ್‌ನಲ್ಲಿ ಎಲ್ಲರ ಮುಂದೆ ಹೇಳವ್ನೆ. ನಿಮ್ಮಪ್ಪನ್ನ ಕತ್ತು ಹಿಡ್ದು ಆಚೆಗೆ ನೂಕಿದ್ರು ಅಂತ. ಮನೇಲಿ ಕೇಳಿದ್ದು ಬ್ಯಾರೆ, ಬೀದೀಲಿ ಕೇಳಿದ್ದು ಬ್ಯಾರೆ. ಅವತ್ತಿಂದ ನನ್ ಜೊತೆ ಮಾತು ಬುಟ್ಟವ್ಳೆ." ಅವನು ನೆಲ ನೋಡುತ್ತ ನಿಂತ. "ಬ್ಯಾರೆ ಏನೂ ಬ್ಯಾಡ ಮೇಡಂ. ಆ ಮಾತು ಒಂದು ಹೋದ್ರೆ ಸಾಕು."

ಕುಣಿಗಲ್ ತಾಲ್ಲೂಕು ಕಚೇರಿ ಎದುರು ಯಾರಿಂದಲೋ ಬರೆಸಿಕೊಂಡು ಬಂದಿದ್ದ ಅರ್ಜಿಯಲ್ಲಿ ಎಲ್ಲರೂ ಬರೆಸುವ ಸಾಲುಗಳೇ ಇದ್ದವು. ಸಾಹೇಬರಿಗೆ ತನ್ನ ಮೇಲೆ ಹಗೆಯಿತ್ತು, ರಾಗಿ ಕೊಯ್ಲಿಗೆ ಮನೆಯಲ್ಲಿ ಜನರಿರಲಿಲ್ಲವಾದ್ದರಿಂದ ಉಳಿದುಕೊಂಡೆ, ಇತ್ಯಾದಿ. ಇದು ಎರಡು ದಿನವೂ ನಿಲ್ಲುವ ಅರ್ಜಿಯಲ್ಲ ಎಂದು ನನಗೆ ಓದಿದ ಕೂಡಲೇ ಗೊತ್ತಾಯಿತು. ಸುಬೇದಾರರು ಏನೂ ಹೇಳದೆ ಅವನನ್ನು ಕುರ್ಚಿಯಲ್ಲಿ ಕೂರಿಸಿ ಎದುರು ನಿಂತರು.

"ಶ್ರೀಮಾನ್, ರಜಾ ಮುಗಿದ್ರೂ ನಾನು ವಾಪಸ್ ಬರಲಿಲ್ಲ."

"ಯಾಕ್ ಬರ್ಲಿಲ್ಲ?" ಡ್ರೈವರ್ ಮೆಲ್ಲಗೆ ಕೇಳಿದ.

"ರಾಗಿ ಕೊಯ್ಲಿತ್ತು, ಶ್ರೀಮಾನ್."

"ಯಾವಾಗ?"

"ಯುಗಾದಿ ಆದ್ಮೇಲೆ, ಶ್ರೀಮಾನ್." ಅರ್ಜಿಯಲ್ಲಿದ್ದ ತಾರೀಖೂ ಅದನ್ನೇ ಹೇಳುತ್ತಿತ್ತು.

ಅಡುಗೆಮನೆಯಿಂದ ನಗು ಕೇಳಿಸಿತು. "ಯುಗಾದೀಲಿ ಯಾವೂರ್ ರಾಗೀನಪ್ಪಾ ಅದು ಕೊಯ್ಯೋದು!" ನಮ್ಮ ಕಡೆ ಕಾರ್ತಿಕ ಕಳೆಯುವ ಹೊತ್ತಿಗೆ ರಾಗಿ ಕೊಯ್ದು ಮೆದೆ ಹಾಕಿರುತ್ತಾರೆ, ಯುಗಾದಿಗೆ ಹೊಲ ಬೋಳಾಗಿರುತ್ತದೆ. ಎಲ್ಲಿಂದಲೋ ಬಂದ ಸಾಹೇಬರಿಗೆ ಈ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದು, ತುಮಕೂರಿನ ಅಡುಗೆಮನೆಗೆ ಹೇಳಿದರೆ ದಕ್ಕುತ್ತದೆಯೇ? ನನಗೂ ನಗು ತಡೆಯಲಾಗಲಿಲ್ಲ. ಆದರೆ ಡ್ರೈವರ್ ನಗಲಿಲ್ಲ. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ.

ಸುಬೇದಾರರು ಕದಲಲಿಲ್ಲ. ಆ ವಯಸ್ಸಿನಲ್ಲೂ ಸೆಟೆದೇ ನಿಂತಿದ್ದರು. "ಸಾಕು ಸರ್, ಕೂತ್ಕೊಳ್ಳಿ" ಎಂದೆ. ಬಲಗಿವಿ ನನ್ನ ಕಡೆ ತಿರುಗಿತು. ಡ್ರೈವರ್ ತಲೆಯೆತ್ತಿ ಅವರನ್ನೇ ನೋಡುತ್ತ ಕೇಳಿದ.

"ನಿಮ್ಮನೇಲಿ... ಎಲ್ಲಾ ಚೆನ್ನಾಗವ್ರಾ?"

ಆ ಒಂದು ಪ್ರಶ್ನೆಯನ್ನು ತನ್ನನ್ನು ಯಾರಾದರೂ ಕೇಳಲಿ ಎಂದು ಅವನು ಅಂದು ಸಾಹೇಬನ ಮುಂದೆ ನಿಂತು ಕಾದಿದ್ದನೆಂದು ಸುಬೇದಾರರಿಗೂ ನನಗೂ ಅರ್ಥವಾಯಿತು.

"ಇಲ್ಲ ಶ್ರೀಮಾನ್" ಎಂದರು ಸುಬೇದಾರರು, ಮೆಲ್ಲಗೆ. "ಏನು ಅಂತ ಮಾತ್ರ ಕೇಳ್ಬೇಡಿ. ಹೇಳಕ್ಕಾಗಲ್ಲ."

ಡ್ರೈವರ್ ನನ್ನ ಕಡೆ ತಿರುಗಿ, ಸುಬೇದಾರರತ್ತ ಕೈ ತೋರಿಸಿದ. "ಅವ್ನು ಹೆಂಗ್ ಹೇಳಾನು ಮೇಡಂ? ಮಗೀನ ತಲೆ ಮುಟ್ಟಿ ಆಣೆ ಮಾಡವ್ನೆ."

ಆಮೇಲೆ ಎಲ್ಲವನ್ನೂ ಹೇಳಿದ. ಒಂದು ಸಲವೂ 'ನಾನು' ಎನ್ನಲಿಲ್ಲ. ಎಲ್ಲವೂ ಎದುರು ನಿಂತ ಆ ಮುದುಕರ ಕತೆಯೆಂಬಂತೆ 'ಅವ್ನು', 'ಅವ್ನ ಹೆಂಡ್ತಿ' ಎಂದೇ ಹೇಳಿದ. ಅವನ ಹೆಂಡತಿಗೆ ಮೊದಲ ಹೆರಿಗೆಯಾದ ಮೇಲೆ ಬಾಣಂತಿ ಸನ್ನಿ ಹಿಡಿದಿತ್ತು. ಮಗುವಿನ ಗುರುತೂ ಹತ್ತದು, ಗಂಡನ ಗುರುತೂ ಹತ್ತದು, ಒಂದೇ ಸಮನೆ ಕೂಗಾಟ. ಊರಿಗೆ ಗೊತ್ತಾದರೆ ಹುಚ್ಚಿ ಎಂದು ಹೆಸರಿಡುತ್ತಾರೆಂದು ಅವಳ ತಾಯಿ ಬಾಗಿಲು ಹಾಕಿಕೊಂಡು ಇಬ್ಬರನ್ನೂ ನೋಡಿಕೊಂಡಳು. ರಜೆ ಮೇಲೆ ಬಂದ ಅಳಿಯನಿಂದ ಕೂಸಿನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ಡಾಕ್ಟರರನ್ನು ಬಿಟ್ಟರೆ ಯಾರಿಗೂ ಹೇಳಕೂಡದು, ಅವಳು ಹುಷಾರಾದ ಮೇಲೆ ಅವಳಿಗೂ ನೆನಪು ಮಾಡಕೂಡದು, ಮಾಡಿದರೆ ಮತ್ತೆ ಬರುತ್ತದೆ. ಅವನು ಹೆಂಡತಿಯನ್ನು ತುಮಕೂರಿನ ಡಾಕ್ಟರರಿಗೆ ತೋರಿಸಿ, ಮಗುವಿಗೆ ಬಾಟಲಿ ಹಾಲು ಕುಡಿಸುತ್ತ ಉಳಿದುಬಿಟ್ಟ. ವಾಪಸ್ಸು ಹೋದಾಗ ಸಾಹೇಬರ ಮುಂದೆ ಪಕ್ಕದೂರಿನವನೂ ನಿಂತಿದ್ದ. ಬಾಯಿಗೆ ಬಂದದ್ದು ರಾಗಿ. ಅವಳಿಗೆ ಕಾಯಿಲೆ ಮರುಕಳಿಸಿ ಮತ್ತೆ ಊರಲ್ಲೇ ಉಳಿದಾಗಲೂ ಅದೇ ರಾಗಿ.

"ಹೆಂಡತಿಗೆ ಏನಂತ ಹೇಳಿದ, ಸೈನ್ಯ ಬಿಟ್ಟಿದ್ದಕ್ಕೆ?" ಎಂದೆ.

"ಕುಡ್ದು ಗಲಾಟೆ ಮಾಡ್ದೆ, ಕಳಿಸ್ಬುಟ್ರು ಅಂದ." ಆಗ ಮಾತ್ರ ಅವನ ಮುಖದಲ್ಲಿ ಸಣ್ಣ ನಗು ಬಂತು. "ಅವ್ನು ಹೆಂಡದ ವಾಸ್ನೆ ನೋಡಿದ್ರೆ ವಾಂತಿ ಮಾಡ್ಕೊಳೋನು ಮೇಡಂ."

ಸುಬೇದಾರರು ಮೆಟ್ಟಿಲ ಮೇಲೆ ಕುಸಿದು ಕೂತರು. ಒಳಗಿನಿಂದ ಅವತ್ತು ಯಾವ ತೀರ್ಪೂ ಬರಲಿಲ್ಲ.

ನಾನು ಮಾತ್ರ ಹುರುಪಿನಲ್ಲಿದ್ದೆ. ಗೆಲ್ಲುವ ಕೇಸು ಕೈಗೆ ಬಂದಿದೆ, ಇವತ್ತೇ ಬರೆಯೋಣ ಎಂದೆ. ಸುಬೇದಾರರು ಒಪ್ಪಲಿಲ್ಲ.

"ಕಾಯಿಲೆ ಯಾರ್ದು ಲಾಯರಮ್ಮ?"

"ಅವನ ಹೆಂಡತಿಯದು."

"ಆಯಮ್ಮನ್ನ ಕೇಳಿದ್ಯಾ? ಮನೇಲಿ ಗೊತ್ತಿಲ್ದೆ ಇರೋದನ್ನ ದಿಲ್ಲಿಗೆ ಬರೀಬಾರ್ದು ಕಣಮ್ಮ."

"ಆಣೆ ಇದೆಯಲ್ಲ ಸರ್, ಅವನು ಹೇಗೆ ಹೇಳುತ್ತಾನೆ?"

"ಆಣೆ ಅವನ್ದು. ನನ್ದಲ್ಲ. ನಾನ್ ಹೇಳ್ತೀನಿ."

ಆ ಮಗುವಿಗೆ ಏನಾದರೂ ಆದೀತು ಎಂಬ ಭಯ ಅಷ್ಟು ವರ್ಷದ ಮೇಲೂ ಡ್ರೈವರ್‌ನ ಕಣ್ಣಲ್ಲಿತ್ತು. ಬೇಡ ಎಂದು ಕೈಮುಗಿದ. ಸುಬೇದಾರರು ಅವನ ಕೈ ಹಿಡಿದು, "ನಿಮ್ಮತ್ತೆ ಒಳ್ಳೇದಕ್ಕೇ ಮಾಡಿದ್ರು ಕಣೋ. ಆವತ್ತು ಅದು ಬೇಕಿತ್ತೋ ಏನೋ. ಅವರೂ ಹೋದ್ರು, ಆಯಮ್ಮ ಗಟ್ಟಿಯಾಗವ್ಳೆ. ಈಗ ಮಗು ತಲೆ ಮೇಲೆ ಇರೋದು ಆಣೆ ಅಲ್ಲ, ನಿನ್ ಸುಳ್ಳು. ಇಳಿಸ್ಬುಡು" ಎಂದರು. ಆದರೂ ಮೊದಲು ಆ ಡಾಕ್ಟರರನ್ನು ಕಂಡು, ಹೇಳಿದರೆ ಆಕೆಗೆ ತೊಂದರೆಯಿಲ್ಲವೆಂದು ಕೇಳಿಕೊಂಡೇ ಹೊರಟರು.

ನಾವಿಬ್ಬರೂ ಖಾಸಗಿ ಬಸ್ಸು ಹಿಡಿದು ಅಮೃತೂರಿಗೆ ಹೋಗಿ, ಅಲ್ಲಿಂದ ಅವನ ಹಾಲಿನ ವ್ಯಾನಿನಲ್ಲಿ ಅವರ ಹಳ್ಳಿಗೆ ಹೋದೆವು. ಮಗಳು ಕಾಲೇಜಿಗೆ ಹೋಗಿದ್ದಳು. ಡ್ರೈವರ್ ನಮ್ಮನ್ನು ಬಿಟ್ಟು ಕೊಟ್ಟಿಗೆಯ ಹಿಂದೆ ಮರೆಯಾದ. ಅವನ ಹೆಂಡತಿ ಹಸುವಿಗೆ ಬೂಸಾ ಕಲಸುತ್ತಿದ್ದಳು. ಸುಬೇದಾರರು ಬಕೆಟ್ಟಿನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು, ಯಾವ ಪೀಠಿಕೆಯೂ ಇಲ್ಲದೆ, ಮೆಲ್ಲಗೆ ಎಲ್ಲವನ್ನೂ ಹೇಳಿದರು. ಆಕೆಯ ಕೈ ಬೂಸಾದಲ್ಲೇ ನಿಂತಿತು. ಆ ದಿನಗಳು ಅವಳಿಗೆ ಮಸುಕು ಮಸುಕು, ಜ್ವರ ಬಂದಿತ್ತೆಂದು ಅವಳ ತಾಯಿ ಹೇಳಿದ್ದನ್ನೇ ನಂಬಿದ್ದಳು.

ಆಕೆ ಕೇಳಿದಳು. "ನಾನು ಮಗೀಗೆ ಏನಾದ್ರೂ ಮಾಡಿದ್ನಾ?"

ಕೊಟ್ಟಿಗೆಯ ಹಿಂದಿನಿಂದ ದನಿ ಬಂತು. "ಇಲ್ಲ. ಮಗು ನನ್ ಕೈಲೇ ಇತ್ತು."

ಅವಳು ಎದ್ದಳು. ಅಳುತ್ತಾಳೆಂದು ನಾನು ಭುಜ ಹಿಡಿಯಲು ಹೋದೆ. ಅವಳಿಗೆ ಬಂದದ್ದು ಸಿಟ್ಟು. ಇಷ್ಟು ವರ್ಷ ಬಹುವಚನದಲ್ಲಿ ಕರೆಯುತ್ತಿದ್ದ ಗಂಡನ ಜೊತೆ ಏಕವಚನಕ್ಕಿಳಿದಳು. "ಬಾರೋ ಈಚೆಗೆ! ಹಬ್ಬಹಬ್ಬಕ್ಕೂ ಕುಡುಕ ಕುಡುಕ ಅಂತ ಬೈದ್ನಲ್ಲೋ. ನೆಂಟ್ರ ಮುಂದೆಲ್ಲ ಆಡಿಕೊಂಡ್ನಲ್ಲೋ. ಬೈಸ್ಕೊಂಡು ಸುಮ್ನೆ ಉಣ್ತಿದ್ಯಲ್ಲೋ!" ಅವನು ಹೊರಗೆ ಬಂದು ಬೈಸಿಕೊಳ್ಳುತ್ತ ನಿಂತ. ಅಷ್ಟು ಸುಖವಾಗಿ ಬೈಸಿಕೊಂಡವನನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಆಮೇಲೆ ಕೈ ತೊಳೆದು ನನ್ನ ಹತ್ತಿರ ಬಂದಳು. "ಬರೀರಿ ಮೇಡಂ. ನನ್ ಹೆಸ್ರು ಹಾಕೇ ಬರೀರಿ. ಟೈಫಾಯ್ಡ್ ಬಂದಿತ್ತು ಅನ್ನೋಕೆ ನಾಚ್ಕೆ ಇಲ್ಲ, ಇದ್ಕೇನು ನಾಚ್ಕೆ? ಮಗಳಿಗೆ ಮಾತ್ರ ನೀವ್ಯಾರೂ ಹೇಳ್ಬೇಡಿ. ದಿಲ್ಲಿಯೋರು ಏನು ಉತ್ತರ ಕೊಡ್ತಾರೋ ಬರ್ಲಿ. ಹೆತ್ತೋಳು ನಾನು, ನಾನೇ ಹೇಳ್ತೀನಿ."

ಅರ್ಜಿ ಬರೆಯುವಾಗ ನಮ್ಮಿಬ್ಬರಿಗೆ ಜಗಳವೇ ಆಯಿತು. ರಾಗಿಯ ಸುಳ್ಳು ಹೇಳಿದ್ದು ಡ್ರೈವರನದೇ ತಪ್ಪು ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಬೇಕೆಂದು ಸುಬೇದಾರರ ಹಟ. ಯಾವ ವಕೀಲ ತನ್ನ ಕಕ್ಷಿದಾರನ ತಪ್ಪಿನಿಂದ ಅರ್ಜಿ ಶುರುಮಾಡುತ್ತಾನೆ? "ಓದೋನು ಹೆಂಗೂ ತಪ್ಪನ್ನೇ ಹುಡುಕ್ತಾನೆ. ಮೊದ್ಲೇ ಕೊಟ್ಬುಟ್ರೆ ಆಮೇಲಿಂದೆಲ್ಲ ನೆಮ್ಮದಿಯಾಗಿ ಓದ್ತಾನೆ" ಎಂದರು. ಅಡುಗೆಮನೆಯ ತೀರ್ಪೂ ಅವರ ಪರವೇ ಬಂತು. ಡಾಕ್ಟರರ ಪ್ರಮಾಣಪತ್ರ, ಹೆಂಡತಿಯ ಹೇಳಿಕೆ ಎಲ್ಲ ಸೇರಿಸಿ ಕಳಿಸಿದೆವು. ಅರ್ಜಿ ಅಲ್ಲಿಂದಿಲ್ಲಿಗೆ ಅಲೆಯಿತು, ಏನೇನೋ ಕೇಳಿದರು, ಕೊಟ್ಟೆವು. ಒಂದು ಸಂಕ್ರಾಂತಿ ಹೋಗಿ ಇನ್ನೊಂದು ಸಂಕ್ರಾಂತಿ ಬಂತು. ಡ್ರೈವರ್ ತುಮಕೂರಿಗೆ ಬಂದಾಗಲೆಲ್ಲ ಗೇಟಿನ ಬಳಿ ನಿಂತು ಮುಖ ನೋಡುತ್ತಿದ್ದ. ಇಲ್ಲ ಎಂದು ತಲೆಯಾಡಿಸಿದರೆ ಹಾಗೇ ಹೋಗುತ್ತಿದ್ದ.

ಆದೇಶ ಬಂದಾಗ ಸುಬೇದಾರರು ಆಸ್ಪತ್ರೆಯಲ್ಲಿದ್ದರು. ಹೃದಯ ಸೋತಿತ್ತು. ದುರ್ನಡತೆ ಎಂಬ ಮಾತನ್ನು ತೆಗೆದು, ಕುಟುಂಬದ ಸಂಕಟದ ಕಾರಣಕ್ಕೆ ಸೇವೆಯಿಂದ ಬಿಡುಗಡೆ ಎಂದು ಬದಲಾಯಿಸಿದ್ದರು. ನಾನು ಸ್ಕೂಲು ಹುಡುಗಿಯ ಹಾಗೆ ಆಸ್ಪತ್ರೆಗೆ ಓಡಿದೆ. ಮಂಚದ ಪಕ್ಕ ಬಗ್ಗಿ ಎಡಗಿವಿಗೆ ಓದಿ ಹೇಳಿದೆ. ಅವರು ಕಣ್ಣು ಬಿಟ್ಟರು.

"ಆಯಮ್ಮಂಗೆ ಹೇಳಿದ್ಯಾ?"

"ಇಲ್ಲ ಸರ್, ಮೊದಲು ನಿಮಗೇ—"

"ನಂಗ್ಯಾಕಮ್ಮ ಮೊದ್ಲು? ನನ್ ಮನೇದಾ ಅದು? ಹೋಗು, ಹೋಗು."

ಕೋಪ ಬಂತು, ಕಣ್ಣಲ್ಲಿ ನೀರೂ ಬಂತು. ಹೋದೆ. ಸಂಜೆ ಡ್ರೈವರನ ಮನೆಯಲ್ಲಿ ಗಂಡ, ಹೆಂಡತಿ, ಮಗಳು ಮೂವರೂ ಇದ್ದರು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ, ಅಪ್ಪನ ಕಡೆಗೆ ನೋಡದೆ ನಿಂತಿದ್ದಳು. ನಾನು ಆದೇಶವನ್ನು ಕನ್ನಡದಲ್ಲಿ ಹೇಳತೊಡಗಿದೆ. ಹೆಂಡತಿಯ ಕಾಯಿಲೆಯ ಮಾತು ಬರುವಷ್ಟರಲ್ಲಿ ಆಕೆ ಕೈ ಅಡ್ಡ ಹಿಡಿದಳು. "ಅಲ್ಲಿಂದ ನಾನ್ ಹೇಳ್ತೀನಿ ಮೇಡಂ." ಮಗಳನ್ನು ಹತ್ತಿರ ಕೂರಿಸಿಕೊಂಡು, ಹಸುವಿಗೆ ಹುಷಾರಿಲ್ಲದ್ದನ್ನು ಹೇಳುವಷ್ಟು ಸರಳವಾಗಿ ಹೇಳಿದಳು. ತನಗೆ ಮಗಳ ಗುರುತೇ ಹತ್ತದೆ ಇದ್ದುದನ್ನೂ ಬಿಡಲಿಲ್ಲ.

"ಆ ಮಗು ನಾನಾ?"

"ಇನ್ಯಾರೇ? ನಿನ್ ತೊಳ್ದು ಬಳ್ದು ಮಾಡ್ತಾ ಕೂತಿದ್ಕೇ ಕಣೇ ಇವ್ರ ಕೆಲ್ಸ ಹೋಗಿದ್ದು."

ಹುಡುಗಿ ಎದ್ದು ಒಳಗೆ ಹೋದಳು. ಡ್ರೈವರ್ ಗಾಬರಿಯಿಂದ ನನ್ನನ್ನು ನೋಡಿದ. ಒಳಗೆ ಪಾತ್ರೆಯ ಸದ್ದಾಯಿತು. ಆಮೇಲೆ ಅಲ್ಲಿಂದಲೇ, ಮೂಗು ಕಟ್ಟಿದ ದನಿಯಲ್ಲಿ, "ಅಪ್ಪಾ, ಊಟ ಮಾಡಿದ್ಯಾ?" ಎಂದಳು. ಅವನು ಅರ್ಧ ಗಂಟೆಯ ಹಿಂದಷ್ಟೇ ಉಂಡಿದ್ದ. "ಇಲ್ಲ ಕಣವ್ವ" ಎಂದು ಎದ್ದು ಹೋದ.

ಮರುದಿನ ಬೆಳಗ್ಗೆ ಇದನ್ನೆಲ್ಲ ಸುಬೇದಾರರಿಗೆ ಹೇಳಿದೆ. "ಮತ್ತೆ ಸುಳ್ಳು ಹೇಳಿದ್ನಾ ಬಡ್ಡೀಮಗ" ಎಂದು ನಕ್ಕರು. ನಕ್ಕು ನಕ್ಕು ಕೆಮ್ಮು ಬಂದು ನರ್ಸು ನನ್ನನ್ನು ಹೊರಗೆ ಕಳಿಸಿದಳು. ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಕಾನೂನನ್ನು ನನಗೆ ಕಲಿಸಿದವರು ಬೇಕಾದಷ್ಟು ಜನರಿದ್ದಾರೆ. ಗೆಲುವು ಯಾರದೋ ಅವರ ಮನೆ ಬಾಗಿಲಿಗೆ ಮೊದಲು ಹೋಗಬೇಕು ಎಂದು ಬೈದು ಕಲಿಸಿದವರು ಇವರೊಬ್ಬರೇ. ಅವರಂಥ ಹಿರಿಯರೊಬ್ಬರು ಗೋಡೆಯ ಆಚೆಗೆ ಇದ್ದರೆಂಬುದು ನನ್ನ ಪುಣ್ಯ.

ಗುಬ್ಬಿ ಹತ್ತಿರದ ಅವರ ಹುಟ್ಟೂರಿನಲ್ಲಿ ಮಣ್ಣು ಮಾಡಿದರು. ಅಮೃತೂರಿನ ಕಡೆಯಿಂದ ಆ ಮೂವರೂ ಬಂದಿದ್ದರು. ಹಿಡಿ ಮಣ್ಣು ಹಾಕಲು ಹೆಣ್ಣುಮಕ್ಕಳ ಸರದಿ ಬಂದಾಗ, ಗುರುತಿಲ್ಲದ ಹುಡುಗಿ ಮುಂದೆ ಬಂದಿದ್ದನ್ನು ನೋಡಿ ಊರಿನ ಯಜಮಾನರೊಬ್ಬರು ಕೇಳಿದರು.

"ಯಾರ್ ಮಗಳವ್ವ ನೀನು?"

ಅವಳು ಹಿಂದೆ ಜನರ ನಡುವೆ ನಿಂತಿದ್ದ ಅಪ್ಪನ ಕಡೆ ಕೈ ತೋರಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ಮಿಲಿಟ್ರಿಯೋರ ಮಗಳು."